ಬಚ್ಚಲಲ್ಲಿ ಜಾರಿ ಬಿದ್ದದ್ದು

೧೯೬೧ರಲ್ಲಿ ನಾನು ಭದ್ರಾವತಿಯ ಒಂದು ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಸಹಾಯಕ ವೈದ್ಯಾಧಿಕಾರಿಯಾಗಿದ್ದೆ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಮೂರು ವರ್ಷವಾಗಿತ್ತು. ಕಾರ್ಖಾನೆಯ ಹೆಸರು ಬರೆಯುವುದಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಒಂದು ಹೆಸರನ್ನು ಬದಲಿಸುವಾಗ ಮಾತ್ರ ಮನಸ್ಸು ಒಪ್ಪಲಿಲ್ಲ. ಅಂದಿನ ಡೈರಿಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ನೆನಪು ನನ್ನನ್ನು ಇದ್ದದ್ದಕ್ಕಿಂತ ಒಳ್ಳೆಯವಳನ್ನಾಗಿ ಮಾಡುತ್ತದೆ. ಡೈರಿ ಅಷ್ಟು ಉಪಕಾರ ಮಾಡುವುದಿಲ್ಲ.

ನಮ್ಮಲ್ಲಿ ಗಾಯಾಳುಗಳಿಗೆಂದೇ ಒಂದು ರಿಜಿಸ್ಟರ್ ಇತ್ತು. ಕೆಲಸಗಾರನ ಟಿಕೆಟ್ ನಂಬರು, ಅವನ ಹೆಸರು, ರೋಗಿ ಅವನಿಗೆ ಏನಾಗಬೇಕು, ಗಾಯ ಎಂಥದ್ದು, ಕಾರಣವೇನು ಎಂದು ಅದರಲ್ಲಿ ಬರೆಯಬೇಕು. ಹೆಂಗಸರು ಬಂದಾಗ ಎರಡನೆಯ ಕಾಲಂನಲ್ಲೇ ತೊಡಕು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ತಲೆ ತಗ್ಗಿಸಿ ನಿಲ್ಲುತ್ತಿದ್ದರು, ಪಕ್ಕದಲ್ಲಿದ್ದ ಗಂಡನೇ ಹೇಳುತ್ತಿದ್ದ. ಹೆಸರು ಹೇಳಿದವನನ್ನೇ ಗಾಯದ ಕಾರಣವನ್ನೂ ಕೇಳಿ ಬರೆದುಕೊಳ್ಳುತ್ತಿದ್ದೆವು. ಅದನ್ನೇ ಒಂದು ಚೀಟಿಯಲ್ಲೂ ಬರೆದು ಅವರ ಕೈಗೆ ಕೊಡುತ್ತಿದ್ದೆವು. ಕೆಲಸ ಬೇಗ ಮುಗಿಯುತ್ತಿತ್ತು.

ಗಿರಿಜಮ್ಮ ಮೊದಲು ಬಂದದ್ದು ಮಾರ್ಚಿನಲ್ಲಿ. ಇಪ್ಪತ್ತನಾಲ್ಕು ವರ್ಷ, ಶಿವಮೊಗ್ಗದ ಕೋಟೆ ಕಡೆಯವಳು. ಗಂಡ ಸಿದ್ದಲಿಂಗಪ್ಪ ಕ್ರೇನ್ ಆಪರೇಟರ್. ಇಸ್ತ್ರಿ ಮಾಡಿದ ಅಂಗಿ, ನಗುಮುಖ. ಅವಳ ಮಣಿಕಟ್ಟು ಊದಿತ್ತು.

"ಇವಳೊಬ್ಬಳು ಮಾರಾಯ್ತಿ, ನೆಲ ನೋಡ್ಕೊಂಡು ನಡೆಯೋದೇ ಇಲ್ಲ ಡಾಕ್ಟ್ರೇ. ನಮ್ಮನೆ ಬಚ್ಚಲಿಗೂ ಇವಳನ್ನ ಕಂಡ್ರೆ ಭಾರೀ ಪ್ರೀತಿ" ಎಂದ. ಸರದಿಯಲ್ಲಿ ನಿಂತವರು ನಕ್ಕರು. ನಾನು ನಗಲಿಲ್ಲ ಎಂದೇ ಬಹುಕಾಲ ನಂಬಿದ್ದೆ. ಡೈರಿಯಲ್ಲಿ ಹೀಗಿದೆ: 'ಕ್ರೇನಿನವನು ತಮಾಷೆಯ ಮನುಷ್ಯ. ಚೆನ್ನಾಗಿ ನಗಿಸಿದ.'

ಏಪ್ರಿಲಿನಲ್ಲಿ ಪಕ್ಕೆಲುಬು, ಮೇ ತಿಂಗಳಲ್ಲಿ ಎಡಗಿವಿ. ಕಿವಿಯ ತಮಟೆ ಹರಿದಿತ್ತು. ಬಿದ್ದರೆ ತಲೆ ಒಡೆಯಬಹುದು. ತಮಟೆ ಹಾಗೆ ಹರಿಯುವುದು ಹೆಚ್ಚಾಗಿ ಅಂಗೈ ಅಗಲಿಸಿ ಕಿವಿಯ ಮೇಲೆ ಬಾರಿಸಿದಾಗ. ಇದನ್ನು ಓದಿ ಪಾಸಾದವಳು ನಾನು. ಟಾರ್ಚ್ ಹಿಡಿಯಲು ಕೈ ಎತ್ತಿದರೆ ಅವಳು ಮುಖ ಮುಚ್ಚಿಕೊಂಡಳು. ಏನು ಕೇಳಿದರೂ ಮೊದಲು ಗಂಡನ ಚಪ್ಪಲಿಗಳನ್ನು ನೋಡಿ, ಆಮೇಲೆ ತಲೆಯಾಡಿಸುತ್ತಿದ್ದಳು. ಇದೆಲ್ಲವನ್ನೂ ಕಂಡೆ. ಕಂಡು, ಕಾರಣದ ಕಾಲಂನಲ್ಲಿ ಮೂರನೆಯ ಸಲವೂ ಬರೆದೆ: 'ಬಚ್ಚಲಲ್ಲಿ ಜಾರಿ ಬಿದ್ದದ್ದು.'

ಅವರು ಹೋದ ಮೇಲೆ ನಮ್ಮ ಆಯಾ ಮುನಿಯಮ್ಮ ನೆಲ ಒರೆಸುತ್ತಾ, "ಬಚ್ಚಲಿಗೆ ಐದು ಬೆರಳು ಇರ್ತಾವಾ ಡಾಕ್ಟ್ರಮ್ಮಾ?" ಎಂದಳು.

ನಾನು ರಿಜಿಸ್ಟರ್ ಮುಚ್ಚಿದೆ. ಅವಳು ಬಿಡಲಿಲ್ಲ.

"ಹೋದ ತಿಂಗಳು ಕೋಟೆಗೆ, ಅಣ್ಣನ ಮನೆಗೆ ಓಡಿಹೋಗಿದ್ಳು. ಇವನು ನಿಮ್ಮ ಚೀಟಿ ಹಿಡ್ಕೊಂಡು ಹಿಂದೇನೇ ಹೋದ. ಬಿದ್ದಳು ಅಂತ ಡಾಕ್ಟ್ರೇ ಬರೆದವ್ರೆ, ನೋಡಿ ಅಂದ. ಅಣ್ಣ ವಾಪಸ್ ಕಳಿಸಿಬಿಟ್ಟ."

ಅವಳು ತಪ್ಪಿಸಿಕೊಳ್ಳಲು ಇದ್ದದ್ದು ಆ ಒಂದೇ ಬಾಗಿಲು. ಅದನ್ನು ಮುಚ್ಚಿದ್ದು ನನ್ನ ಅಕ್ಷರ. ಆ ನಾಚಿಕೆ ನನ್ನಲ್ಲಿ ಬಹಳ ಹೊತ್ತು ನಾಚಿಕೆಯಾಗಿ ಉಳಿಯಲಿಲ್ಲ. ಅವನ ಮೇಲಿನ ಹಗೆಯಾಯಿತು.

ಅವಕಾಶ ಜೂನ್‌ನಲ್ಲಿ ಸಿಕ್ಕಿತು. ಕ್ರೇನಿನವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಕಡ್ಡಾಯ. ಸಿದ್ದಲಿಂಗಪ್ಪ ಗೋಡೆಯ ಪಟ್ಟಿಯ ಅಕ್ಷರಗಳನ್ನು ಸಲೀಸಾಗಿ ಓದಿದ. ಕೆಳಗಿನ ಸಾಲಿನಲ್ಲಿ ತಪ್ಪಿದ್ದು ಎರಡಕ್ಷರ ಎಂದು ಡೈರಿ ಹೇಳುತ್ತದೆ. ಒಂದೇ ಎಂದು ನನ್ನ ನೆನಪು. ಈ ಒಂದು ಕಡೆ ಡೈರಿಗಿಂತ, ನನಗೆ ಉಪಕಾರ ಮಾಡದ ನೆನಪನ್ನೇ ನಂಬುತ್ತೇನೆ. ಬೇರೆ ಯಾರಾದರೂ ಆಗಿದ್ದರೆ ಪಾಸು ಮಾಡುತ್ತಿದ್ದೆ. 'ಕ್ರೇನ್ ಕೆಲಸಕ್ಕೆ ಅನರ್ಹ' ಎಂದು ಬರೆದು ಸಹಿ ಹಾಕಿದೆ. ಅವನ ಮುಖದ ನಗು ಆರಿದ್ದನ್ನು ನೋಡಿ ನನಗೆ ಸುಖವಾಯಿತು. ಅವನನ್ನು ಯಾರ್ಡಿನಲ್ಲಿ ಸಾಮಾನು ಹೊರುವ ಕೆಲಸಕ್ಕೆ ಹಾಕಿದರು. ಜೊತೆಯವರು ಅವನನ್ನು ಕುರುಡಪ್ಪ ಎಂದು ಕರೆಯತೊಡಗಿದರು. ಕ್ರೇನಿನಿಂದ ಇಳಿಸಿದ ಗಂಡಸು ಸಂಜೆ ಎಲ್ಲಿಗೆ ಹೋಗುತ್ತಾನೆ ಎಂದು ಮಾತ್ರ ನಾನು ಯೋಚಿಸಲಿಲ್ಲ.

ಹತ್ತು ದಿನಕ್ಕೆ ಗಿರಿಜಮ್ಮ ಬಂದಳು, ಈ ಸಲ ಮುನಿಯಮ್ಮನ ಜೊತೆ. ಬೆಳಗಿನ ಸರದಿ ಬಾಗಿಲವರೆಗೆ ಇತ್ತು. ಅವಳ ಮುಂಗೈ ಮೂಳೆ ಮುರಿದಿತ್ತು, ಏಟಿಗೆ ಕೈ ಅಡ್ಡ ಹಿಡಿದವರಿಗೆ ಮುರಿಯುವ ಜಾಗದಲ್ಲಿ.

"ಅವರಿಗೆ ಕಣ್ಣು ಕಾಣಲ್ಲ ಅಂತ ನೀವೇ ಬರೆದ್ರಂತೆ?"

ಹೌದೆಂದೆ.

"ಚೆನ್ನಾಗೇ ಕಾಣುತ್ತೆ ಡಾಕ್ಟ್ರೇ. ಹೊಡೆಯೋವಾಗ ಒಂದೇಟೂ ತಪ್ಪಲ್ಲ." ಮುರಿದ ಕೈಯನ್ನು ಮೇಜಿನ ಮೇಲಿಟ್ಟು, "ನಿಮ್ಮ ಸೇಡು ನೀವು ತೀರಿಸ್ಕೊಂಡ್ರಿ. ನಂದು ಹಾಗೇ ಇದೆ. ಆ ಪುಸ್ತಕ ತೆಗೀರಿ. ಈ ಸಲ ನಾನು ಹೇಳಿದ್ದು ಬರೀರಿ" ಎಂದಳು.

ರಿಜಿಸ್ಟರ್ ತೆರೆದೆ. ಹೇಗಾಯಿತೆಂದು ಮೊದಲ ಬಾರಿಗೆ ಅವಳನ್ನೇ ಕೇಳಿದೆ.

"ಹೊಡೆದ್ರು."

"ಯಾರು?"

ಸರದಿಯಲ್ಲಿದ್ದ ಹೆಂಗಸರ ಮಾತು ನಿಂತಿತು. ಅವಳ ತುಟಿ ಎರಡು ಸಲ ಅಲ್ಲಾಡಿತು, ದನಿ ಬರಲಿಲ್ಲ. ಮುನಿಯಮ್ಮ, "ನಾನು ಹೇಳ್ಲಾ?" ಎಂದಳು. ಬೇಡವೆಂದು ಗಿರಿಜಮ್ಮ ತಲೆಯಾಡಿಸಿದಳು.

"ಸಿದ್ದಲಿಂಗಪ್ಪ" ಎಂದಳು. ಹಿಂದೆಯೇ, ಬಾಗಿಲಾಚೆಗೂ ಕೇಳುವಂತೆ: "ಸಿದ್ದಲಿಂಗಪ್ಪ ಹೊಡೆದ. ಬರೀರಿ."

ಬರೆದೆ. ಹಳೆಯ ಮೂರು ದಾಖಲೆಗಳ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ, 'ಗಂಡನ ಮಾತಿನ ಮೇಲೆ ಬರೆದದ್ದು. ರೋಗಿಯನ್ನು ಕೇಳಿಲ್ಲ' ಎಂದು ಸೇರಿಸಿ ಅಂದಿನ ತಾರೀಖು ಹಾಕಿದೆ. ಕಣ್ಣಿನ ಪರೀಕ್ಷೆಯ ವಿಷಯವನ್ನು ಮುಖ್ಯ ವೈದ್ಯರಿಗೆ ತಿಳಿಸಿದೆ. ನನಗೆ ಲಿಖಿತ ಛೀಮಾರಿ ಬಂತು. ಸಿದ್ದಲಿಂಗಪ್ಪ ಬೇರೆ ಡಾಕ್ಟರರ ಬಳಿ ಪಾಸಾಗಿ ಮತ್ತೆ ಕ್ರೇನ್ ಹತ್ತಿದ.

ಗಿರಿಜಮ್ಮ ಅಂದೇ ಕೋಟೆಗೆ ಹೋದಳು. ಅಣ್ಣನ ಅಂಗಡಿಯ ಮುಂದೆ ನಿಂತು ಹೊಸ ಚೀಟಿಯನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದಳಂತೆ. ಆ ಹೆಸರು ಬಂದಾಗ, "ಇನ್ನೊಂದ್ಸಲ ಓದಣ್ಣ" ಎಂದಳಂತೆ. ಇದು ಮುನಿಯಮ್ಮ ಹೇಳಿದ್ದು. ನಿಜವಾಗಿರಲಿ ಎಂಬ ಆಸೆ ನನ್ನದು.

ಮರುವರ್ಷ ಶಿವಮೊಗ್ಗದ ಕೋರ್ಟಿನಲ್ಲಿ, ಗಂಡನಿಂದ ಬೇರೆ ಇರಲು ಅವಳು ಹಾಕಿದ ಅರ್ಜಿಯಲ್ಲಿ ನಾನು ಸಾಕ್ಷಿ. ಅವನ ವಕೀಲರು ಎದ್ದು, "ಇವರನ್ನು ಬೇಕೆಂತಲೇ ಫೇಲ್ ಮಾಡಿದಿರಿ, ಅಲ್ಲವೇ?" ಎಂದರು.

"ಹೌದು."

"ಹಾಗಾದರೆ ರಿಜಿಸ್ಟರಿನಲ್ಲಿ ಬರೆದದ್ದೂ ಸಿಟ್ಟಿನಿಂದಲೇ?"

"ಮೊದಲ ಮೂರು ಸಲ ನನಗೆ ಸಿಟ್ಟೇ ಇರಲಿಲ್ಲ" ಎಂದೆ. "ಸುಳ್ಳು ಬರೆದದ್ದು ಆಗಲೇ."

ತೀರ್ಪು ಅವಳ ಪರವಾಗಿ ಆಯಿತು. ಎಡಗಿವಿ ಮಾತ್ರ ಕೊನೆಗೂ ಸರಿಹೋಗಲಿಲ್ಲ.

ಆಮೇಲಿನ ಇಪ್ಪತ್ತೆಂಟು ವರ್ಷ, ಯಾವ ಹೆಂಗಸು ಗಾಯವಾಗಿ ಬಂದರೂ ಜೊತೆಯವರನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಕೇಳಿದೆ. ಉತ್ತರ ಬರುವವರೆಗೆ ಕಾದೆ. ನನ್ನ ಕೈಯಿಂದ ಆಗಬಹುದಾಗಿದ್ದ ಸರಿಯಾದ ಸೇಡು ಅದೊಂದೇ ಎಂದು ಕೆಲಸ ಕಲಿಸಿತು. ಮನಸ್ಸು ಅಷ್ಟು ಕಲಿಯಲಿಲ್ಲ. ಕೋರ್ಟಿನಿಂದ ಬಂದ ದಿನದ ಡೈರಿಯಲ್ಲಿ ಎರಡೇ ಸಾಲಿವೆ: 'ಅವನು ಕ್ರೇನಿನಿಂದ ಬೀಳಲಿ. ಕಾರಣದ ಕಾಲಂನಲ್ಲಿ ನಾನೇ ಬರೆಯುತ್ತೇನೆ, ಜಾರಿ ಬಿದ್ದದ್ದು ಎಂದು.' ಹೊಡೆದುಹಾಕಲು ಹಲವು ಸಲ ಪೆನ್ನು ತೆಗೆದಿದ್ದೇನೆ. ಹೊಡೆದುಹಾಕಿಲ್ಲ.