ತಿಮ್ಮಪ್ಪ ಹುಟ್ಟಿದ ದಿನ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ಮೈಮೇಲೆ ಬರುವುದು, ಬಾಯಲ್ಲಿ ಯಾರೋ ನುಡಿಯುವುದು, ಇವೆಲ್ಲ ಕೆಲಸವಿಲ್ಲದವರ ಕಸುಬು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೆ. ಈಗ ನಂಬಿಬಿಟ್ಟಿದ್ದೇನೆ ಅಂತಲೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೇನಾದರೂ ಅರ್ಥವಾದರೆ ದಯವಿಟ್ಟು ನನಗೂ ತಿಳಿಸಿ.

ಅರವತ್ತರ ದಶಕದ ಮೊದಲ ವರ್ಷಗಳು. ಹೊಸನಗರ ತಾಲ್ಲೂಕಿನಲ್ಲಿ, ಶರಾವತಿ ಹೊಳೆ ದಾಟಿ ಹೋಗಬೇಕಾದ ಒಂದು ಹಳ್ಳಿಯ ಶಾಲೆಗೆ ನನ್ನನ್ನು ಹಾಕಿದ್ದರು. ಅದು ಮುಳುಗಡೆಯ ಊರು. ಕೆಳಗೆ ಅಣೆಕಟ್ಟು ಏಳುತ್ತಿತ್ತು, ನೀರು ಇವತ್ತೋ ನಾಳೆಯೋ ಅನ್ನುವಂತಿತ್ತು. ನಾನು ಹೋಗುವಾಗಲೇ ಅರ್ಧ ಊರು ಖಾಲಿಯಾಗಿತ್ತು. ಉಳಿದವರೂ ಹೆಂಚು, ಬಾಗಿಲು, ಕಿಟಕಿ ಎಲ್ಲ ಕಿತ್ತು ಗಾಡಿಗೆ ಹೇರಿಕೊಂಡು ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ಹೋದ ವಾರ ಹಾಜರಿ ಕರೆದಾಗ ಓಗೊಟ್ಟ ಮಕ್ಕಳು ಈ ವಾರ ಇರುತ್ತಿರಲಿಲ್ಲ. ನಾನು ಬಯಲುಸೀಮೆಯವನು, ಆಗಿನ್ನೂ ಮದುವೆಯಾಗಿರಲಿಲ್ಲ. ಶಾಲೆಯ ಹಿಂದಿನ ಕೋಣೆಯಲ್ಲೇ ನನ್ನ ವಾಸ. ಸಂಜೆ ಮಕ್ಕಳು ಮನೆಗೆ ಹೋದರೆ ಮತ್ತೆ ಬೆಳಗಾಗುವವರೆಗೆ ಒಂದು ಮಾತಿಗೂ ಗತಿಯಿಲ್ಲ. ಅಯ್ಯೋ, ಆ ಒಂಟಿತನ ಶತ್ರುವಿಗೂ ಬೇಡ.

ಹೊತ್ತು ಕಳೆಯಲು ನಾನೊಂದು ಹುಚ್ಚು ಹಚ್ಚಿಕೊಂಡೆ. ಹಳೆಯ ಪತ್ರಿಕೆಗಳು, ಒಂದೆರಡು ಹರಕು ವರ್ಷಪುಸ್ತಕಗಳು ನನ್ನ ಹತ್ತಿರ ಇದ್ದವು. ಯಾವ ತಾರೀಖಿನಂದು ಯಾವ ದೊಡ್ಡವರು ಹುಟ್ಟಿದರು, ಯಾರು ಸತ್ತರು, ಯಾವ ಯುದ್ಧ ಮುಗಿಯಿತು ಅಂತ ಹುಡುಕಿ ಬರೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದೆ. 'ಇದೇ ದಿನ ಇಂಥವರ ಜನನ, ಇದೇ ದಿನ ಇಂಥವರ ಮರಣ.' ಹೆಡ್‌ಮಾಸ್ಟರು ಹೊಸನಗರದ ಕಡೆಯಿಂದ ದೋಣಿಯಲ್ಲಿ ಬರುತ್ತಿದ್ದ ವಯಸ್ಸಾದವರು, ಮಿತಭಾಷಿ. ಮಕ್ಕಳಿಗೆ ಒಳ್ಳೆಯದೇ ಅಂತ ಸುಮ್ಮನಿದ್ದರು. ಒಂದು ದಿನ ಯಾವುದೋ ದೇಶದ ರಾಜ ತೀರಿಕೊಂಡದ್ದನ್ನು ಓದುತ್ತಿದ್ದೆ. ಬೇಲಿಯಾಚೆ ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು, "ಪಾಪ, ಎಂತ ಆಗಿತ್ತಂತೆ?" ಅಂತ ಕೇಳಿದರು. ಸತ್ತು ಮುನ್ನೂರು ವರ್ಷ ಆಯ್ತು ಅಂದೆ. "ನಿಮಗೆ ಈಗ ಗೊತ್ತಾಯ್ತಾ ಮಾರಾಯ್ರೇ!" ಅಂತ ನನಗೇ ಬೈದು ಹೋದರು.

ಹೀಗೆ ಸತ್ತವರ ದಿನವೆಲ್ಲ ಮೇಷ್ಟ್ರಿಗೆ ಗೊತ್ತು ಅಂತ ಊರಲ್ಲಿ ಮಾತು ಹಬ್ಬಿತು. ಸಂಕ್ರಾಂತಿಯ ಹಿಂದಿನ ವಾರ ಹೂವಪ್ಪ ಅನ್ನುವ ರೈತ ನನ್ನನ್ನು ಹುಡುಕಿಕೊಂಡು ಬಂದ. ಅವನ ಅಣ್ಣ ತಿಮ್ಮಪ್ಪ, ಮುಳುಗಡೆಗೆ ಬದಲು ಕೊಡುವ ಜಮೀನು ಹೇಗಿದೆ ನೋಡಿ ಬರ್ತೀನಿ ಅಂತ ಶಿವಮೊಗ್ಗದ ಕಡೆ ಹೋದವನು ಮೂರು ವರ್ಷವಾದರೂ ವಾಪಸ್ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ, ಸುದ್ದಿಯೂ ಇರಲಿಲ್ಲ. ಮನೆಯಲ್ಲಿ ತಿಮ್ಮಪ್ಪನ ಹೆಂಡತಿ ದುಗ್ಗಮ್ಮ ಮತ್ತು ಮುದುಕಿ ತಾಯಿ ಇದ್ದರು.

ಊರು ಬಿಡುವ ಮೊದಲು ಅಣ್ಣನ ಉತ್ತರಕ್ರಿಯೆ ಮಾಡಿ ಮುಗಿಸಬೇಕು ಅಂತ ಹೂವಪ್ಪನ ಹಟ. "ನೀರು ಬಂದ್ಮೇಲೆ ಅವ್ನಿಗೆ ಮನೆ ಎಲ್ಲಿ ಗೊತ್ತಾಗ್ತದೆ ಹೇಳಿ? ನೀರಿನ ಮೇಲೆ ಅಲೀಬೇಕಾಗ್ತದೆ. ಇಲ್ಲೇ ಮಾಡ್ಬೇಕು," ಅಂದ. ಅದಕ್ಕೆ ಸತ್ತ ದಿನ ಬೇಕಿತ್ತು. "ನೀವು ಎಲ್ಲರದ್ದೂ ಹೇಳ್ತೀರಲ್ಲ, ನಮ್ಮಣ್ಣಂದು ಒಂದು ನೋಡಿ ಹೇಳಿ."

ನನಗೆ ಸಿಟ್ಟು ಬಂತು. ನಾನೇನು ಯಮನ ಗುಮಾಸ್ತನೇನಯ್ಯ ಅಂತ ಬೈದೆ. ಅವನು ನಂಬಲಿಲ್ಲ. ಬೇಕಂತಲೇ ಹೇಳುತ್ತಿಲ್ಲ ಅನ್ನುವ ಹಾಗೆ ನನ್ನನ್ನೇ ನೋಡಿದ. ಮಾರನೆಯ ದಿನ ದುಗ್ಗಮ್ಮ ಹೊಳೆಗೆ ಹೋಗುವ ದಾರಿಯಲ್ಲಿ ನನ್ನನ್ನು ತಡೆದಳು. ಮೂವತ್ತು ದಾಟಿರದ ಹೆಂಗಸು, ಹಣೆಯ ತುಂಬ ಕುಂಕುಮ. "ಮೇಷ್ಟ್ರೇ, ನೀವು ದಿನ ಹೇಳಿದ್ರೆ ನನ್ ಬಳೆ ಒಡೀತಾರೆ. ಬದುಕಿದ್ದೋರಿಗೆ ಪಿಂಡ ಇಡಿಸ್ಬೇಡಿ," ಅಂದಳು. ನನಗೇನೂ ಗೊತ್ತಿಲ್ಲಮ್ಮ, ನಾನೇನೂ ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಹೂವಪ್ಪ ಕೊನೆಗೆ ದಿನ ಗೊತ್ತಿಲ್ಲದಿದ್ದರೆ ಬರುವ ಅಮಾವಾಸ್ಯೆಗೇ ಮಾಡುವುದು ಅಂತ ತೀರ್ಮಾನಿಸಿದ ಸುದ್ದಿ ಬಂತು. ಪಾಪ ಅನ್ನಿಸಿತು. ಆದರೆ ಪರಊರಿನವನು ನಾನು, ಬಾಯಿ ಹಾಕುವುದು ಸರಿಯಲ್ಲ ಅಂದುಕೊಂಡೆ.

ಸಂಕ್ರಾಂತಿ ಕಳೆದು ಮಾರನೆಯ ಬೆಳಿಗ್ಗೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಎಂದಿನಂತೆ ಓದಿದೆ. ಅವತ್ತು ಇದ್ದದ್ದು ಮೂರೇ ಹೆಸರು. ಒಬ್ಬ ವಿಜ್ಞಾನಿ, ಒಬ್ಬ ರಾಜ, ಒಬ್ಬ ನಾಟಕಕಾರ. ಓದಿ ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡೆ, ಮಕ್ಕಳನ್ನು ಒಳಗೆ ಕಳಿಸಿದೆ. ನನಗೆ ನೆನಪಿರುವುದು ಇಷ್ಟೇ.

ತರಗತಿಯಲ್ಲಿ ಮಕ್ಕಳು ಕಿಸಿಕಿಸಿ ನಗುತ್ತಿದ್ದರು. ಹೆಡ್‌ಮಾಸ್ಟರು ಬಾಗಿಲಿಗೆ ಬಂದು ನನ್ನನ್ನು ಹೊರಗೆ ಕರೆದರು. ಮುಖ ಬಿಗಿದುಕೊಂಡಿತ್ತು. "ಏನ್ರೀ ಇದು, ಆ ಮನೆಯವರ ಸಂಕಟ ನಿಮಗೆ ತಮಾಷೆನಾ?" ಅಂದರು. ಏನು ಸಾರ್ ಅಂದೆ. ಮೂರು ಹೆಸರು ಓದಿದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆನಂತೆ. ಆಮೇಲೆ ಅದೇ ಧ್ವನಿಯಲ್ಲಿ, "ಇದೇ ದಿನ, ಹೊಳೆಯ ನಡುವೆ, ದೋಣಿಯಲ್ಲಿ, ತಿಮ್ಮಪ್ಪನ ಜನನ" ಅಂದೆನಂತೆ.

ನಾನು ಹೇಳಿಲ್ಲ ಅಂತ ಆಣೆ ಮಾಡಿದೆ. ಅವರು ನನ್ನನ್ನು ನೋಡಿದರು, ಸುಳ್ಳು ಹೇಳುತ್ತಿಲ್ಲ ಅಂತ ಗೊತ್ತಾಗಿರಬೇಕು, ಅವರ ಸಿಟ್ಟು ಇಳಿಯಿತು. ಅದರ ಬದಲು ಹೆದರಿಕೆ ಕಾಣಿಸಿಕೊಂಡಿತು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಎಲ್ಲರೂ ಅದನ್ನೇ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಹೂವಪ್ಪ ಉರಿದುಕೊಂಡು ಬಂದ. ಸತ್ತ ದಿನ ಕೇಳಿದರೆ ಹುಟ್ಟಿದ ದಿನ ಹೇಳಿ ಗೇಲಿ ಮಾಡುತ್ತೀರಾ, ನಮ್ಮಣ್ಣ ಹುಟ್ಟಿದ್ದು ಅಮ್ಮನ ತವರಿನಲ್ಲಿ, ಊರಿಗೆಲ್ಲ ಗೊತ್ತು, ಬಂದು ಅವಳೆದುರೇ ಹೇಳಿ ಅಂತ ಕರೆದುಕೊಂಡು ಹೋದ. ಹೆಡ್‌ಮಾಸ್ಟರೂ ಜೊತೆಗೆ ಬಂದರು.

ಆ ಮನೆಯ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅಜ್ಜಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಹೆಡ್‌ಮಾಸ್ಟರು ನಾನು ಅಂದದ್ದನ್ನು ಅಂದ ಹಾಗೇ ಹೇಳಿದರು. ದೋಣಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳಲು ಶುರು ಮಾಡಿದಳು.

ಅಜ್ಜಿ ಆಗ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೊರಟಿದ್ದಳಂತೆ. ಸಂಕ್ರಾಂತಿ ಹಬ್ಬ ಮುಗಿಸಿಕೊಂಡೇ ಹೋಗು ಅಂತ ಅತ್ತೆ ನಿಲ್ಲಿಸಿಕೊಂಡದ್ದರಿಂದ ತಡವಾಗಿತ್ತು. ಹಬ್ಬದ ಮಾರನೆಯ ದಿನ ಹೊರಟು ಹೊಳೆಯ ನಡುವೆಯೇ ಹೆರಿಗೆಯಾಯಿತು. ದೋಣಿಯಲ್ಲಿದ್ದದ್ದು ಅವಳು, ಅವಳ ತಾಯಿ ಮತ್ತು ದೋಣಿಯವನು. ನೆಲ ಮುಟ್ಟದೆ ಹುಟ್ಟಿದ ಮಗು ಮನೆಯಲ್ಲಿ ನಿಲ್ಲುವುದಿಲ್ಲ ಅಂತ ಜನ ಆಡಿಕೊಂಡಾರು ಅಂತ ಹೆದರಿ, ತವರಿಗೆ ಬಂದು ತಲುಪಿದ ಮೇಲೆ ಹುಟ್ಟಿತು ಅಂತ ಎಲ್ಲರಿಗೂ ಹೇಳಿದರು. ಗಂಡನಿಗೂ ಹೇಳಲಿಲ್ಲ. ದೋಣಿಯವನೂ ತಾಯಿಯೂ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. "ನನ್ ಹೊಟ್ಟೇಲಿ ಇಟ್ಕೊಂಡಿದ್ದು ಇದು. ಇವರಿಗೆ ಯಾರು ಹೇಳಿದ್ರು?" ಅಂತ ನನ್ನನ್ನು ತೋರಿಸಿ ಕೇಳಿದಳು.

ಆಮೇಲೆ ಅಜ್ಜಿಯೇ ಕಣ್ಣು ಒರೆಸಿಕೊಂಡು ಹೇಳಿದಳು. "ಇವರ ಬಾಯಲ್ಲಿ ಹುಟ್ಟಿದ ದಿನ ಬಂತು, ತೀರಿಹೋದ ದಿನ ಬರ್ಲಿಲ್ಲ. ನನ್ ಮಗ ಇದ್ದಾನೆ. ದಿನ ಮಾಡೋದು ಬೇಡ." ಹೂವಪ್ಪ ತಲೆ ತಗ್ಗಿಸಿ ಹೊರಗೆ ಹೋದ. ಒಳಬಾಗಿಲಲ್ಲಿ ನಿಂತಿದ್ದ ದುಗ್ಗಮ್ಮ ಬಂದು ನನ್ನ ಕಾಲಿಗೆ ಬಿದ್ದಳು. ನನಗೆ ಓಡಿಹೋಗೋಣ ಅನ್ನಿಸಿತು.

ಆ ವಾರವೇ 'ಇದೇ ದಿನ' ಓದುವುದನ್ನು ನಿಲ್ಲಿಸಿದೆ. ಬೇಸಿಗೆಯಲ್ಲಿ ಅವರು ಊರು ಬಿಟ್ಟರು, ಶಾಲೆ ಮುಚ್ಚಿತು, ನನಗೆ ಸಾಗರಕ್ಕೆ ವರ್ಗವಾಯಿತು. ಮುಂದಿನ ಮಳೆಗಾಲಗಳಲ್ಲಿ ಊರೂ ಮುಳುಗಿತು. ನಾನು ಬೇಕಾದಷ್ಟು ತಲೆ ಕೆಡಿಸಿಕೊಂಡಿದ್ದೇನೆ. ಯಾರಾದರೂ ಹೇಳಿದ್ದು ಎಲ್ಲೋ ಕಿವಿಗೆ ಬಿದ್ದಿರಬಹುದು ಅನ್ನೋಣವೆಂದರೆ ಹೇಳಲು ಯಾರೂ ಇರಲಿಲ್ಲ. ದುಗ್ಗಮ್ಮನ ಮೇಲಿನ ಕನಿಕರಕ್ಕೆ ನನ್ನ ಮನಸ್ಸೇ ಕಟ್ಟಿದ ಮಾತು ಅನ್ನೋಣವೆಂದರೆ ಹಬ್ಬದ ಮಾರನೆಯ ದಿನವೂ ದೋಣಿಯೂ ಎರಡೂ ಹೇಗೆ ಸರಿಹೋದವು? ಓದಿದವರನ್ನು ಕೇಳಿದೆ. ಒಬ್ಬರು ಕಾಕತಾಳೀಯ ಅಂದರು, ಇನ್ನೊಬ್ಬರು ನಕ್ಕರು.

ದಶಕ ಮುಗಿಯುತ್ತ ಬಂದಾಗ ಒಮ್ಮೆ ತೀರ್ಥಹಳ್ಳಿಗೆ ಹೋಗಬೇಕಾಯಿತು. ಮುಳುಗಡೆಯವರ ಹೊಸ ಊರೊಂದು ಆ ರಸ್ತೆಯಲ್ಲೇ ಇದೆ, ದುಗ್ಗಮ್ಮ ಅಲ್ಲಿದ್ದಾಳೆ ಅಂತ ತಿಳಿದು ಬಸ್ಸಿಳಿದೆ. ಅಜ್ಜಿ ತೀರಿಕೊಂಡಿದ್ದಳು. ಹೂವಪ್ಪ ಬೇರೆ ಮನೆ ಮಾಡಿದ್ದ. ದುಗ್ಗಮ್ಮ ಒಬ್ಬಳೇ ಇದ್ದಳು, ಸೊರಗಿ ಹೋಗಿದ್ದಳು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬಳೆ ಹಾಗೇ ಇದ್ದವು. ತಿಮ್ಮಪ್ಪ ಬಂದಿರಲಿಲ್ಲ. ತವರಿನವರು ಬಂದುಬಿಡು ಅಂತ ಎಷ್ಟೋ ಸಲ ಕರೆದರಂತೆ. ಗಂಡ ಬಂದರೆ ಬಾಗಿಲು ಹಾಕಿರಬಾರದಲ್ಲ ಅಂತ ಇವಳು ಹೋಗಿರಲಿಲ್ಲ. ಸಂಕ್ರಾಂತಿಯ ಮಾರನೆಯ ದಿನ ಪಾಯಸ ಮಾಡಿ ಇನ್ನೊಂದು ಎಲೆ ಹಾಕುತ್ತಾಳಂತೆ.

ಕಾಫಿ ಕೊಟ್ಟು ನನ್ನೆದುರು ನೆಲದ ಮೇಲೆ ಕೂತಳು. "ಇನ್ನೊಂದ್ಸಲ ಹೇಳಿ ಮೇಷ್ಟ್ರೇ," ಅಂದಳು. ಅದು ನನ್ನ ಕೈಯಲ್ಲಿಲ್ಲಮ್ಮ ಅಂದರೂ ಕೇಳಲಿಲ್ಲ. ನಗಬೇಡಿ, ನಾನು ಕಣ್ಣು ಮುಚ್ಚಿ ಕೂತೆ. ಏನಾದರೂ ಬರಲಿ ಅಂತ ನಿಜವಾಗಿಯೂ ಬೇಡಿಕೊಂಡೆ. ಎಷ್ಟು ಹೊತ್ತಾದರೂ ಏನೂ ಬರಲಿಲ್ಲ. ಕಣ್ಣು ಬಿಟ್ಟಾಗ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಅವರು ಇಲ್ಲ ಅಂತ ಬಂದ್ರೂ ಅಡ್ಡಿಲ್ಲ, ಹೇಳಿಬಿಡಿ," ಅಂದಳು.