ಕರಿಬೇವಿಲ್ಲದ ಮಜ್ಜಿಗೆ

ಉತ್ತರಹಳ್ಳಿ ಬಸ್ ಸ್ಟಾಪಿನ ಹೊಂಗೆ ಮರದ ಕೆಳಗೆ ಬೇಸಿಗೆಯ ಶನಿವಾರಗಳಲ್ಲಿ ತಿಮ್ಮರಾಯಪ್ಪನವರು ಮಜ್ಜಿಗೆ ಕೊಡುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಒಂದೇ ಷರತ್ತು, ಲೋಟ ಖಾಲಿಯಾಗುವವರೆಗೆ ಅವರ ಮಾತು ಕೇಳಬೇಕು. ನನ್ನ ಬಳೆ ಅಂಗಡಿ ಆ ಮರಕ್ಕೆ ಅಂಟಿಕೊಂಡೇ ಇರುವುದರಿಂದ ನಾನಂತೂ ಲೋಟ ಹಿಡಿಯದೆಯೇ ಆ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ.

ಈಗ ದೊಡ್ಡ ಅಪಾರ್ಟ್‌ಮೆಂಟ್ ಎದ್ದಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರ ಕನಕಾಂಬರದ ತೋಟವಿತ್ತು. ತೋಟ ಹೋಯಿತು, ಬಾಡಿಗೆ ಮನೆಗಳು ಬಂದವು, ಉಣ್ಣಲು ಉಡಲು ಕೊರತೆಯಾಗಲಿಲ್ಲ. ಆದರೆ ಮಗ ಶಶಿಧರ ಬಾಡಿಗೆ ವಸೂಲಿ ಮಾಡಿಕೊಂಡು ಕೂರುವ ಆಸಾಮಿಯಲ್ಲ. ಸೈನ್ಯ ಸೇರಿ ಲಾರಿ ಓಡಿಸುತ್ತಿದ್ದ. ಗಡಿಯಲ್ಲಿ ಗುಂಡು ಹಾರುತ್ತಿದ್ದ ಒಂದು ಏಪ್ರಿಲ್ ತಿಂಗಳಲ್ಲಿ ಅವನ ಲಾರಿಯ ಮೇಲೆ ಶೆಲ್ ಬಿತ್ತು. ಪೆಟ್ಟಿಗೆ ಬಂದ ದಿನ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೂವೆಂದರೆ ಹೂವು, ಜೈಕಾರವೆಂದರೆ ಜೈಕಾರ. ಒಂದಕ್ಕೆ ಹತ್ತು ತಲೆ ತರಬೇಕು ಎಂದು ಯಾರೋ ಕೂಗಿದರು. ಅದುವರೆಗೆ ತಲೆ ಬಗ್ಗಿಸಿ ಕೂತಿದ್ದ ತಿಮ್ಮರಾಯಪ್ಪ ಆ ಕೂಗಿಗೆ ಮುಖ ಎತ್ತಿದ್ದನ್ನು ನಾನು ನೋಡಿದೆ. ಆ ಹತ್ತು ಜನಕ್ಕೂ ಅಪ್ಪಂದಿರು ಇರುತ್ತಾರಲ್ಲ ಅನ್ನಿಸಿತಂತೆ.

ಅವರ ಮನೆತನದವರು ಹಿಂದೆ ರಾಮನವಮಿಗೆ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ಮಜ್ಜಿಗೆ, ಪಾನಕ ಕೊಡುತ್ತಿದ್ದರು. ಮರುವರ್ಷದ ಬೇಸಿಗೆಗೆ ಇವರು ಅದನ್ನೇ ಮತ್ತೆ ಶುರುಮಾಡಿದರು, ಮಗನ ಹೆಸರಿನಲ್ಲಿ. ಮಣ್ಣಿನ ಗಡಿಗೆ, ಸ್ಟೀಲ್ ಲೋಟಗಳು, ಮರಕ್ಕೆ ಕಟ್ಟಿದ 'ಯುದ್ಧ ಬೇಡ' ಎಂಬ ರಟ್ಟು. ಲೋಟ ಕೈಗಿಟ್ಟು ಹೇಳುತ್ತಿದ್ದರು:

"ನನ್ ಮಗ ಸತ್ತ ಸಾರ್. ಆ ಕಡೇನೂ ಯಾರೋ ಸತ್ತಿರ್ತಾನೆ. ಅವನಿಗೂ ಒಬ್ಬ ಅಪ್ಪ ಇರ್ತಾನೆ, ಅವನಿಗೂ ನನ್ ಹಂಗೇ ಮಂಡಿ ನೋಯ್ತಿರುತ್ತೆ. ಯುದ್ಧ ಬೇಕು ಅನ್ನೋಕೆ ಮುಂಚೆ ಆವಯ್ಯನ್ನ ಒಂದ್ಸಲ ನೆನೆಸ್ಕೊಳಿ."

ಸ್ಟೀಲ್ ಲೋಟದ ಹಿಂದೆ ಅವರದೊಂದು ಲೆಕ್ಕಾಚಾರವಿತ್ತು. ಲೋಟ ವಾಪಸ್ ಕೊಡುವ ತನಕ ಮನುಷ್ಯ ಓಡಿಹೋಗುವ ಹಾಗಿಲ್ಲ. ನಮ್ಮ ಕಡೆಯವರು ಪರರ ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯುತ್ತಾರೆ. ಎತ್ತಿ ಕುಡಿಯುವವನು ಎದುರು ಮಾತಾಡುವ ಹಾಗಿಲ್ಲ, ಕಿವಿ ಮಾತ್ರ ಬಿಡುವಾಗಿರುತ್ತದೆ. ಇಷ್ಟು ಯೋಚನೆ ಮಾಡಿದ ಮನುಷ್ಯನನ್ನು ಪಾಪದವರು ಅಂತ ಹೇಗೆ ಹೇಳಲಿ?

ಮಜ್ಜಿಗೆ ಮಾಡಿ ಕಳಿಸುತ್ತಿದ್ದವರು ಹೆಂಡತಿ ನಾರಾಯಣಮ್ಮ. ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಎಲ್ಲ ಹದವಾಗಿ ಇರುತ್ತಿತ್ತು, ಕರಿಬೇವು ಮಾತ್ರ ಇರುತ್ತಿರಲಿಲ್ಲ. ಶಶಿಧರನಿಗೆ ಕರಿಬೇವು ಸೇರದು. ಚಿಕ್ಕಂದಿನಲ್ಲಿ ಎಲೆ ಎಲೆ ಆರಿಸಿ ತೆಗೆಯುತ್ತಿದ್ದ, ಆಯಮ್ಮ ಗದರಿ ಗದರಿ ತಿನ್ನಿಸಿದರಂತೆ. ಅವನು ಹೋದ ಮೇಲೆ ಆ ಮನೆಯ ಒಗ್ಗರಣೆಗೆ ಕರಿಬೇವು ಬಿದ್ದಿಲ್ಲ. ಆಯಮ್ಮ ಬಸ್ ಸ್ಟಾಪಿನ ಕಡೆಗೂ ಕಾಲಿಡುತ್ತಿರಲಿಲ್ಲ. ಶನಿವಾರ ಸೊಪ್ಪು ತರಬೇಕೆಂದರೂ ಹಿಂದಿನ ರಸ್ತೆಯಲ್ಲಿ ಸುತ್ತು ಹಾಕಿ ಹೋಗುತ್ತಿದ್ದರು. ಒಮ್ಮೆ ನನ್ನಲ್ಲಿ ಬಳೆ ತೊಡುವಾಗ ಯಾಕಮ್ಮ ಅಂದೆ.

"ಊರೋರ್ ಮುಂದೆ ವಾರವಾರ ನನ್ ಮಗನ್ನ ಸಾಯಿಸ್ತಾರಲ್ಲಮ್ಮ ಅವರು," ಅಂದರು. ನಾನು ಮುಂದಿನ ಬಳೆ ಏರಿಸಿದೆ.

ಮೊದಲ ವರ್ಷ ಹೊಂಗೆ ಮರಕ್ಕೆ ಜಾತ್ರೆಯ ಕಳೆ. ಟಿವಿಯವರು ಬಂದರು. ಜಯನಗರದ ಕಾಲೇಜು ಹುಡುಗಿಯರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಕೇಳಿದರು. ಸಭೆಗೆ ಕರೆದು ಶಾಲು ಹೊದಿಸಿದವರು ಎಷ್ಟು ಮಂದಿಯೋ. ಎರಡನೇ ವರ್ಷ ಮತ್ತೆ ಗಡಿಯಲ್ಲಿ ಬೆಂಕಿ ಹತ್ತಿತು. ಸರ್ಕಲ್ಲಿನಲ್ಲಿ ಪಟಾಕಿ ಹೊಡೆಯುತ್ತಿದ್ದ ಹುಡುಗರ ನಡುವೆಯೂ ಈ ಪುಣ್ಯಾತ್ಮ ಗಡಿಗೆ ಇಟ್ಟುಕೊಂಡು ಕೂತರು. ಒಬ್ಬ ಲೋಟ ಇಸಿದುಕೊಂಡು ಮಜ್ಜಿಗೆಯನ್ನು ಅವರ ಕಾಲ ಬುಡಕ್ಕೇ ಸುರಿದ, ದೇಶದ್ರೋಹಿ ಎಂದ. ನನಗೆ ಮೈಯೆಲ್ಲ ಉರಿದು ಅಂಗಡಿಯಿಂದಲೇ ಬೈದೆ. ಅವರು ಮಾತ್ರ ಲೋಟ ತೊಳೆದು ಬೋರಲು ಹಾಕಿ, ಮುಂದಿನವರಿಗೆ ಬೇರೆ ಲೋಟ ತುಂಬಿಸಿದರು.

ಅವರ ಕೆಲಸ ಕೆಡಿಸಿದ್ದು ಆ ಹುಡುಗನ ಬೈಗುಳವಲ್ಲ, ಇನ್ನೊಬ್ಬನ ಒಳ್ಳೆಯತನ. ಮೂರನೇ ವರ್ಷ ಯುವಕರ ಸಂಘದ ಮೋಹಿತ್ ಮೂಟೆಗಟ್ಟಲೆ ಪೇಪರ್ ಕಪ್ ತಂದು ಸುರಿದ. ಈ ವಯಸ್ಸಿನಲ್ಲಿ ಲೋಟ ತೊಳೆಯುತ್ತಾ ಕೂರುವುದು ಬೇಡ ಎಂಬುದು ಅವನ ಕಾಳಜಿ. ಕೊಟ್ಟಿದ್ದನ್ನು ಬೇಡ ಅನ್ನಲು ಇವರಿಗೆ ನಾಲಿಗೆ ಬರಲಿಲ್ಲ. ಜನ ಕಪ್ ಹಿಡಿದರು, ಥ್ಯಾಂಕ್ಸ್ ಅಂಕಲ್ ಅಂದರು, ಬಸ್ ಹತ್ತಿದರು. ನನ್ನ ಮಗ ಎನ್ನುವಷ್ಟರಲ್ಲಿ ಎದುರಿಗೆ ಯಾರೂ ಇರುತ್ತಿರಲಿಲ್ಲ. ಈ ವರ್ಷ ಕಪ್ಪುಗಳನ್ನು ಮೂಲೆಗೆ ತಳ್ಳಿ ಸ್ಟೀಲ್ ಲೋಟ ಮತ್ತೆ ತೆಗೆದರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಲೋಟ ನೋಡಿದವರು ಪೇಪರ್ ಕಪ್ ಇಲ್ಲವಾ ಎಂದು ಕೇಳಿ ಮುಂದೆ ನಡೆದರು. ಕುಡಿದವರು ಗಟಗಟನೆ ಮುಗಿಸಿ ಕರಿಬೇವು ಹಾಕಬೇಕಿತ್ತು ಎಂದು ಸಲಹೆ ಕೊಟ್ಟರು.

ಶಶಿಧರ ತೀರಿಕೊಂಡ ವಾರ ಮತ್ತೆ ಬಂತು. ಆ ಶನಿವಾರ ಬೆಳಿಗ್ಗೆ ತಿಮ್ಮರಾಯಪ್ಪ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತರು.

"ಬೈಯೋಕೂ ಯಾರೂ ಬರ್ತಿಲ್ಲ ಕಣಮ್ಮ," ಎಂದರು.

ಇವತ್ತು ಒಬ್ಬರಾದರೂ ಲೋಟ ಪೂರ್ತಿ ಮುಗಿಯುವ ತನಕ ನಿಂತು ಕೇಳಿದರೆ ಸರಿ, ಇಲ್ಲದಿದ್ದರೆ ಲೋಟಗಳನ್ನು ಅಟ್ಟಕ್ಕೆ ಹಾಕಿಬಿಡುತ್ತೇನೆ ಎಂದರು. ಲೋಟ ಅಟ್ಟಕ್ಕೆ ಹೋದರೆ ಶಶಿಧರನ ಹೆಸರು ಈ ರಸ್ತೆಯಲ್ಲಿ ಇನ್ನು ಯಾರ ಬಾಯಲ್ಲೂ ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬನಶಂಕರಿ ಬಸ್ಸುಗಳು ಬಂದವು, ಹೋದವು. ಒಬ್ಬ ಫೋನಿನಲ್ಲಿ ಮಾತಾಡುತ್ತಲೇ ಕುಡಿದ. ಒಬ್ಬಳು ರಟ್ಟಿನ ಫೋಟೋ ತೆಗೆದುಕೊಂಡು ಲೋಟ ಮುಟ್ಟದೆ ಹೋದಳು. ನಾನೇ ಹೋಗಿ ನಿಲ್ಲೋಣವೆಂದರೆ, ನೀನು ಲೆಕ್ಕಕ್ಕಿಲ್ಲ, ವಾರವಾರ ಕೇಳುವವಳು ಎಂದು ಮೊದಲೇ ಹೇಳಿಬಿಟ್ಟಿದ್ದರು. ಬಿಸಿಲು ಇಳಿಯಿತು. ಅವರು ರಟ್ಟು ಬಿಚ್ಚಿ, ಲೋಟಗಳನ್ನು ಒಂದರೊಳಗೊಂದು ಸೇರಿಸತೊಡಗಿದರು.

ಆಗ ನಾರಾಯಣಮ್ಮ ರಸ್ತೆ ದಾಟಿ ಬಂದರು. ಗಡಿಗೆ ತೆಗೆದುಕೊಂಡು ಹೋಗಲು ಬಂದರೇನೋ ಅಂದುಕೊಂಡೆ. ಕಲ್ಲುಬೆಂಚಿನ ಮೇಲೆ ಕೂತು, ಕೈ ಚಾಚಿ ಒಂದು ಲೋಟ ಮಜ್ಜಿಗೆ ಕೇಳಿದರು. ತಿಮ್ಮರಾಯಪ್ಪ ಗಲಿಬಿಲಿಗೊಂಡು ತುಂಬಿಸಿ ಕೊಟ್ಟರು. ಜನ್ಮದಲ್ಲಿ ಹೊರಗಿನ ಲೋಟಕ್ಕೆ ತುಟಿ ತಾಗಿಸದ ಆಯಮ್ಮ ಅವತ್ತು ಲೋಟ ಕಚ್ಚಿ, ಒಂದೇ ಒಂದು ಗುಟುಕು ಕುಡಿದರು. ಗಂಡ ನೋಡುತ್ತಿದ್ದುದನ್ನು ಕಂಡು, "ಎತ್ತಿ ಕುಡಿದ್ರೆ ಬೇಗ ಮುಗಿದೋಗುತ್ತೆ," ಎಂದರು.

ತಿಮ್ಮರಾಯಪ್ಪ ಅಭ್ಯಾಸಬಲದಿಂದ ಶುರುಮಾಡಿದರು. "ನನ್ ಮಗ ಸತ್ತ..."

"ಸತ್ತಿದ್ದು ಗೊತ್ತು. ಹೆಂಗಿದ್ದ ಅಂತ ಹೇಳಿ."

ಇಷ್ಟು ವರ್ಷ ತಿಮ್ಮರಾಯಪ್ಪ ಎಷ್ಟು ಜನಕ್ಕೆ ಹೇಳಿದ್ದರೋ, ಇದನ್ನು ಯಾರೂ ಕೇಳಿರಲಿಲ್ಲ. ಕೈಯಲ್ಲಿದ್ದ ಲೋಟಗಳನ್ನು ಕೆಳಗಿಟ್ಟು ಹೆಂಡತಿಯ ಪಕ್ಕ ಕೂತರು.

"ನೀನು ಗದರಿದ್ ಮೇಲೆ ಕರಿಬೇವು ತಿನ್ನೋಕ್ ಕಲ್ತ ಅಂದ್ಕೊಂಡಿದ್ದೆ ಅಲ್ವಾ? ತಿಂತಿರ್ಲಿಲ್ಲ. ನೀನು ಒಲೆ ಕಡೆ ತಿರುಗ್ದಾಗ ನನ್ ತಟ್ಟೆಗೆ ಹಾಕ್ಬಿಡೋನು. ಎಲ್ಲಾ ನಾನೇ ತಿಂತಿದ್ದೆ. ನಂಗೂ ಸೇರ್ತಿರ್ಲಿಲ್ಲ ಕಣೆ."

ನಾರಾಯಣಮ್ಮ ನಕ್ಕರು. ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡರು. ಗಂಡ ಹೇಳುತ್ತಾ ಹೋದರು, ಲಾರಿ ಕಲಿಯುವಾಗ ಬೇಲಿಗೆ ಗುದ್ದಿದ್ದು, ರಜಕ್ಕೆ ಬಂದವನು ಅಮ್ಮನ ಮಡಿಲಲ್ಲಿ ತಲೆಯಿಟ್ಟು ಮಧ್ಯಾಹ್ನವೆಲ್ಲ ಮಲಗಿದ್ದು. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಬ್ಯಾಗು ಕೆಳಗಿಟ್ಟು ಹತ್ತಿರ ಬಂದು ನಿಂತಳು. ಅವಳ ಬಸ್ಸು ಬಂತು, ಹೋಯಿತು. ನಾನು ಬಳೆ ಅಂಗಡಿಯಲ್ಲಿ ಕೂತು ಅತ್ತೆ, ಅದನ್ನೇನು ಮುಚ್ಚಿಡುವುದು.

ಲೋಟ ಮುಗಿಯಿತು. ನಾರಾಯಣಮ್ಮ ಅದನ್ನು ವಾಪಸ್ ಕೊಡಲಿಲ್ಲ. ಗಂಡನ ಮುಂದೆ ಹಿಡಿದರು.

"ಇನ್ನೊಂದ್ ಲೋಟ ಹಾಕಿ," ಎಂದರು.