ಬ್ಲಾಕ್‌ಲಿಸ್ಟಿಗೆ ಮೇಡಂ ಬರೆಸಿದ ಉತ್ತರ

ಹಿರಿಯರ ಕುರಿತು ಬರೆದು ನನಗೆ ಅಭ್ಯಾಸವಿಲ್ಲ. ಮಾತು ಎಲ್ಲಾದರೂ ತಪ್ಪಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮೇಡಂ ಕೆಲಸಕ್ಕೆ ಕೂರುವ ಮುನ್ನ ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಕೀಬೋರ್ಡಿನ ಮೇಲೆ ಬಳೆ ಸದ್ದಾದರೆ ಅವರಿಗೆ ಯೋಚನೆ ಕಡಿದುಹೋಗುತ್ತಿತ್ತಂತೆ.

ಸುತ್ತಲಿನ ಅಂಗಡಿ, ಕಾರ್ಖಾನೆಗಳಿಗೆ ಇಮೇಲ್ ಸೌಲಭ್ಯ ಒದಗಿಸುವ ಸಣ್ಣ ಕಚೇರಿ ಚಿಕ್ಕಬಳ್ಳಾಪುರದಲ್ಲಿ ಅವರದಿತ್ತು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗಳಾದ ನಾನು ಅಲ್ಲಿ ತಾತ್ಕಾಲಿಕವಾಗಿ ಸೇರಿದ್ದೆ.

ಒಂದು ಬೆಳಿಗ್ಗೆ ಗೌರಿಬಿದನೂರಿನ ಗಿರಣಿಯಿಂದ ದೂರು ಬಂದಿತು: ಅವರು ಕಳುಹಿಸಿದ ಇಮೇಲ್‌ಗಳೆಲ್ಲ ತಿರುಗಿ ಬರುತ್ತಿದ್ದವು. ನಮ್ಮ ಸರ್ವರಿನ ಐಪಿ ವಿಳಾಸಗಳು, ಅಂದರೆ ಅಂತರ್ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆಗಳು, ಬ್ಲಾಕ್‌ಲಿಸ್ಟ್ ಸೇರಿದ್ದವು. ಬೇಡದ ಇಮೇಲ್ ಕಳುಹಿಸುವವರೆಂದು ಆ ಪಟ್ಟಿಯಲ್ಲಿ ಬಿದ್ದವರನ್ನು ಉಳಿದ ಸರ್ವರುಗಳು ಬಾಗಿಲಲ್ಲೇ ತಡೆಯುತ್ತವೆ.

“ಗಿರಣಿಯವ್ರು ಬಿಟ್ಟೋದ್ರೆ ನಿನ್ನ ಇಟ್ಕೊಳ್ಳೋಕೆ ನನ್ ಕೈಲಾಗಲ್ಲ ಕಣಮ್ಮ,” ಎಂದರು ಮೇಡಂ. ಸುತ್ತಿ ಬಳಸಿ ಮಾತಾಡುವವರಲ್ಲ.

ಪಟ್ಟಿ ನಡೆಸುವವರಿಗೆ ಕೂಡಲೇ ಮನವಿ ಬರೆದೆ. ಇಂಗ್ಲಿಷಿನಲ್ಲಿ, ಎರಡು ಪುಟ, ತುಂಬಾ ವಿನಯದಿಂದ. ಮೇಡಂ ಓದಿ ನಕ್ಕರು.

“ಇದೇನಮ್ಮ, ತಹಶೀಲ್ದಾರ್ರಿಗೆ ಅರ್ಜಿ ಕೊಡ್ತಿದೀಯಾ? ಮೊದ್ಲು ಕೊಳೆ ಎಲ್ಲಿದೆ ನೋಡು. ಅದನ್ನ ತೆಗೀದೆ ಕೇಳಿದ್ರೆ ನಾಳೆ ತಿರ್ಗಾ ಹಾಕ್ತಾರೆ.”

ಸರ್ವರಿನ ದಾಖಲೆ ತೆಗೆದು ನೋಡಿದರೆ, ಕೊಳೆ ಇದ್ದದ್ದು ಚಿಂತಾಮಣಿಯಲ್ಲಿ. ನಮ್ಮ ಗಿರಾಕಿಯಾಗಿದ್ದ ಅಲ್ಲಿನ ಮದುವೆ ಬ್ರೋಕರ್ ಒಬ್ಬರು ಎಲ್ಲಿಂದಲೋ ಕೊಂಡ ಇಮೇಲ್ ವಿಳಾಸಗಳಿಗೆಲ್ಲ ನಮ್ಮ ಸರ್ವರಿನಿಂದ ವಧೂವರರ ವಿವರ ಕಳುಹಿಸುತ್ತಿದ್ದರು. ಸಂಬಂಧ ಕಡಿಯುವ ಮಾತನ್ನು ಫೋನಿನಲ್ಲಿ ಹೇಳಬಾರದೆಂಬುದು ಮೇಡಂ ನಿಯಮ. ಬಸ್ಸು ಹತ್ತಿದೆವು.

“ಏನ್ ಮೇಡಂ, ಪೆಳ್ಳಿ ಮಾಡ್ಸೋದೂ ತಪ್ಪಾ? ಪುಣ್ಯದ ಕೆಲ್ಸ!” ಎಂದರು ಬ್ರೋಕರ್, ಮದುವೆಗೆ ತೆಲುಗಿನ ಮಾತು ಬೆರೆಸಿ.

“ಕರೀದೆ ಇರೋರ ಮನೆಗೆ ಹೆಣ್ಣು ನೋಡಕ್ಕೆ ನುಗ್ತಿದೀರಲ್ಲ ಸಾಮಿ, ಅದು ತಪ್ಪು. ನಿಮ್ಮ ಅಕೌಂಟ್ ಇವತ್ತೇ ಮುಚ್ತೀನಿ.”

“ನಾನ್ ಬೆಂಗಳೂರು ಕಂಪ್ನಿಯೋರ ಹತ್ರ ಹೋಗ್ತೀನಿ!”

“ಹೋಗಿ. ಅವ್ರಿಗೂ ಒಳ್ಳೆ ಸಂಬಂಧ ಸಿಕ್ಕಂಗಾಯ್ತು.”

ಹಿಂದಿರುಗುವಾಗ ನಾನು ಮೆಲ್ಲನೆ ಕೇಳಿದೆ: “ವೈರಸ್ ಬಂದಿತ್ತು ಅಂತ ಬರೆದ್ರೆ ಮರ್ಯಾದೆ ಉಳಿಯತ್ತಲ್ವಾ ಮೇಡಂ?”

“ಹೋಗಿರೋ ಮರ್ಯಾದೆ ಸುಳ್ಳಿಂದ ವಾಪಸ್ ಬರಲ್ಲ. ನಮ್ಮ ಗಿರಾಕಿ ಕಳ್ಸಿದ, ನಾವು ನೋಡ್ಕೊಳ್ಳಿಲ್ಲ, ಈಗ ಮುಚ್ಚಿದೀವಿ, ಇನ್ಮೇಲೆ ಹೊಸಬ್ರು ಕಳ್ಸೋದಕ್ಕೆ ಮಿತಿ ಇಡ್ತೀವಿ. ಇಷ್ಟೇ ಬರಿ.”

ಅಷ್ಟನ್ನೇ ಬರೆದು ಕಳುಹಿಸಿದೆ. ಆಮೇಲೆ ಕುಳಿತಲ್ಲಿ ಕೂರಲಾಗಲಿಲ್ಲ. ಟೀ ತರಲು ಹೋಗಿ ಅರ್ಧ ದಾರಿಯಿಂದ ಹಿಂದಿರುಗಿ, ಪಟ್ಟಿಯ ಪುಟವನ್ನು ಮತ್ತೆ ಮತ್ತೆ ತೆರೆದೆ. “ಅನ್ನ ಬೇಯ್ತಿದೆಯೇನೇ, ಮುಚ್ಚಳ ತೆಗ್ದು ತೆಗ್ದು ನೋಡಕ್ಕೆ?” ಎಂದು ಗದರಿದ ಮೇಡಂ ತಾವೂ ಗಿರಣಿಯವರ ಫೋನ್ ಬಂದಾಗಲೆಲ್ಲ ಎದ್ದು ನಿಂತೇ ಮಾತನಾಡುತ್ತಿದ್ದರು.

ಮರುದಿನ ಮಧ್ಯಾಹ್ನ ನಮ್ಮ ವಿಳಾಸಗಳು ಪಟ್ಟಿಯಿಂದ ಹೊರಬಂದವು. ಗಿರಣಿಯವರು ನಮ್ಮಲ್ಲೇ ಉಳಿದರು.

ಮೇಡಂ ಕಳೆದ ವರ್ಷ ತೀರಿಕೊಂಡರು. ಕಚೇರಿಯನ್ನು ಅವರ ತಂಗಿ ನಡೆಸುತ್ತಿದ್ದಾರೆ. ಗಿರಾಕಿಗಳಿಗೆ ಬರೆಯುವ ಉತ್ತರಗಳನ್ನು ಇಂದಿಗೂ ನಾನು ಒಮ್ಮೆ ಬರೆದು, ಅರ್ಧ ಅಳಿಸಿ ಕಳುಹಿಸುತ್ತೇನೆ.

ಪಟ್ಟಿಯಿಂದ ಬಿಡುಗಡೆಯಾದ ಆ ತಿಂಗಳೇ ನನ್ನ ಕೆಲಸ ಕಾಯಂ ಆಯಿತು. ಶಿಡ್ಲಘಟ್ಟದಲ್ಲಿ ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನ ನೂಲು ಬಿಚ್ಚುತ್ತಿದ್ದ ಅಮ್ಮ ಆ ಕೆಲಸ ಬಿಟ್ಟರು. ನನ್ನ ತಂಗಿ ಈಗ ಬಿ.ಎಸ್‌ಸಿ. ಓದುತ್ತಿದ್ದಾಳೆ.